ನೌಕರಿ ಬಿಟ್ಟು ಊರಿಗೆ ಬಂದವರು: ಮೇಡ್ಲೇರಿಯಿಂದ ಕೂಸನೂರಿನವರೆಗೆ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮೊದಲು ನೆನಪಾದದ್ದು ನಾನು ನಿರ್ದೇಶಕನಾಗಿದ್ದ ಕಾಲದ ಒಂದು ಮಹಾಸಭೆ. ಬೆಂಗಳೂರಿನಲ್ಲಿ ಕಂಪನಿ ನೌಕರಿ ಬಿಟ್ಟು ಊರಿಗೆ ಬಂದಿದ್ದ ಹುಡುಗನೊಬ್ಬ ಹಿಂದಿನ ಸಾಲಿನಿಂದ ಎದ್ದು ನಿಂತು, "ಆಡಿಟ್ ವರದಿ ಪೂರ್ತಿ ಓದ್ರೀ, ನಾವೂ ಕೇಳ್ತೀವಿ" ಅಂದ. ಸಭೆ ನಕ್ಕಿತು. "ಕಂಪನ್ಯಾಗ ಏನೋ ಆಗಿರಬೇಕು, ಅದಕ್ಕ ಬಿಟ್ಟು ಬಂದಾನ" ಎಂದು ಪಕ್ಕದವರು ಪಿಸುಗುಟ್ಟಿದರು. ನಾನೂ ನಕ್ಕೆ. ಮರುವರ್ಷ ಆ ಹುಡುಗ ಮತ್ತೆ ಬೆಂಗಳೂರು ಬಸ್ಸು ಹತ್ತಿದ. ಅಂದು ನಕ್ಕ ತಪ್ಪಿಗೆ ಇಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಯಾಕೆಂದರೆ ನಮ್ಮ ರಾಣೇಬೆನ್ನೂರು ಸೀಮೆಗೆ ಇದು ಹೊಸ ಸಂಗತಿ ಅಲ್ಲ. ದೊಡ್ಡ ಸಂಬಳದ ಕುರ್ಚಿ ಬಿಟ್ಟು ಹಳ್ಳಿಗೆ ಬಂದು ಕುಳಿತವರ ಇತಿಹಾಸ ನಮ್ಮ ಮಗ್ಗುಲಲ್ಲೇ ಇದೆ. ಆದರೆ ನಮ್ಮ ಮಕ್ಕಳಿಗೆ ಅದನ್ನು ಹೇಳಿದವರು ಕಡಿಮೆ.

ಗದಗ ಸೀಮೆಯ ಬೆಳವಣಕಿಯವರಾದ ಶ್ರೀ ಎಸ್. ಆರ್. ಹಿರೇಮಠ ಅವರ ಹೆಸರನ್ನು ಇಂದು ಗಣಿ ಪ್ರಕರಣದಿಂದ ಎಲ್ಲರೂ ಬಲ್ಲರು. ಅದಕ್ಕಿಂತ ಹಿಂದಿನ ಕಥೆ ಬೇರೆ. ಇಂಜಿನಿಯರಿಂಗ್ ಓದಿ, ಹೆಚ್ಚಿನ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೋಗಿ, ಶಿಕಾಗೋ ನಗರದಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವರು ಅವರು. ಅಲ್ಲಿದ್ದ ಭಾರತೀಯರು ಕೂಡಿ 1974ರಲ್ಲಿ 'ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್' ಎಂಬ ಸಂಸ್ಥೆ ಕಟ್ಟಿದರು. ತಾಯ್ನಾಡಿನ ಹಳ್ಳಿಗಳಿಗೆ ಕೈಲಾದದ್ದನ್ನು ಮಾಡಬೇಕೆಂಬುದು ಅದರ ಉದ್ದೇಶ. ಮರುವರ್ಷ 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಅಮೆರಿಕದಲ್ಲಿದ್ದುಕೊಂಡೇ ಅದನ್ನು ಪ್ರತಿಭಟಿಸಿದವರಲ್ಲಿ ಹಿರೇಮಠರೂ ಒಬ್ಬರು. ಪಾಸ್‌ಪೋರ್ಟಿಗೇ ಕುತ್ತು ಬಂದರೂ ಅವರು ಹಿಂಜರಿಯಲಿಲ್ಲ.

ದೂರದಿಂದ ಹಣ ಕಳಿಸಿ ಸುಮ್ಮನಿರಬಹುದಿತ್ತು. ಅನೇಕರು ಹಾಗೆ ಮಾಡುತ್ತಾರೆ, ಅದೂ ಒಳ್ಳೆಯದೇ. ಆದರೆ 1979ರಲ್ಲಿ ಹಿರೇಮಠರು ನೌಕರಿ ಬಿಟ್ಟು, ಅಮೆರಿಕದ ಹೆಣ್ಣುಮಗಳಾದ ಪತ್ನಿ ಶ್ಯಾಮಲಾ ಅವರೊಂದಿಗೆ ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಗೆ ಬಂದರು. ಆಗ ಹಾವೇರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ನಾವೆಲ್ಲ ಧಾರವಾಡ ಜಿಲ್ಲೆಯವರೇ. 1997ರ ಆಗಸ್ಟ್‌ನಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು.

ಮೇಡ್ಲೇರಿ ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ರೈತರು, ಕೂಲಿಕಾರರು, ಹೆಣ್ಣುಮಕ್ಕಳು ಕೂಡಿ ಕುಳಿತು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತೆ ಸಂಘಟಿಸುವ ಕೆಲಸ ಶುರುವಾಯಿತು. ಹೇಳಲು ಇದು ಸುಲಭ. ಹಳ್ಳಿಯಲ್ಲಿ ಹತ್ತು ಮಂದಿಯನ್ನು ಒಂದು ಜಮಖಾನೆ ಮೇಲೆ ಕೂಡಿಸುವುದು ಎಷ್ಟು ಕಷ್ಟ ಎಂಬುದನ್ನು ಸಹಕಾರಿ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಕೋರಂ ಆಗದೆ ಮುಂದೂಡಿದ ಸಭೆಗಳ ಲೆಕ್ಕ ನಮ್ಮ ನಡವಳಿ ಪುಸ್ತಕದಲ್ಲೇ ಇದೆ.

ಹಳ್ಳಿಯಲ್ಲಿ ಕೆಲಸ ಮಾಡಿದವರಿಗೆ ಒಂದು ಮಾತು ಬೇಗ ತಿಳಿಯುತ್ತದೆ. ಊರೊಳಗಿನ ಕಷ್ಟಗಳಿಗೆಲ್ಲ ಕಾರಣ ಊರೊಳಗೇ ಇರುವುದಿಲ್ಲ. ಹೊಳೆ ಊರದು, ಆದರೆ ಹೊಳೆಗೆ ಬಿಡುವ ನೀರು ಊರವರ ಕೈಯಲ್ಲಿಲ್ಲ. ಗುಡ್ಡದಲ್ಲಿ ಮೇಯುವ ದನ ಊರದು, ಆದರೆ ಗುಡ್ಡವನ್ನು ಯಾರಿಗೆ ಕೊಡಬೇಕೆಂಬ ಆದೇಶ ಬೆಂಗಳೂರಿನಲ್ಲಿ ಆಗುತ್ತದೆ.

ಹೊಳೆಯ ಮಾತು ಮೊದಲು. ನಮ್ಮ ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ನೀಲಗಿರಿ ಕಟ್ಟಿಗೆಯಿಂದ ರೇಯಾನ್ ನೂಲಿನ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಆರಂಭವಾಯಿತು. ಅನೇಕ ಮನೆಗಳಿಗೆ ಅದು ಅನ್ನ ಕೊಟ್ಟಿತು, ಅದನ್ನು ಮರೆಯಬಾರದು. ಆದರೆ ಕಾರ್ಖಾನೆಯಿಂದ ಹೊಳೆಗೆ ಸೇರುವ ನೀರಿನಿಂದ ಮೀನು ಸಾಯುತ್ತಿವೆ, ಕೆಳಗಿನ ಹಳ್ಳಿಗಳ ಜನ-ಜಾನುವಾರುಗಳಿಗೆ ತೊಂದರೆಯಾಗುತ್ತಿದೆ ಎಂಬ ಕೂಗು 1980ರ ದಶಕದಲ್ಲಿ ಎದ್ದಿತು. ಇಂಥ ಪ್ರಶ್ನೆಗಳಿಗೆ ಒಂದು ತಾಲೂಕಿನ ಅಭಿವೃದ್ಧಿ ಸಂಸ್ಥೆ ಸಾಲದು. 1984ರಲ್ಲಿ ಧಾರವಾಡದಲ್ಲಿ 'ಸಮಾಜ ಪರಿವರ್ತನ ಸಮುದಾಯ' ಹುಟ್ಟಿತು. ಸ್ಥಾಪಕರು ಹೊಸ ಕೆಲಸಕ್ಕೆ ತೊಡಗಿದ ಮೇಲೂ ಮೊದಲಿನ ಸಂಸ್ಥೆ ಮುಚ್ಚಲಿಲ್ಲ. ಬೇರೆಯವರು ನೊಗ ಹೊತ್ತರು, ಕೆಲಸ ನಡೆಯಿತು. ಇದನ್ನು ಓದುಗರು ಗಮನಿಸಬೇಕು.

ಇನ್ನು ಗುಡ್ಡದ ಮಾತು. ಅದೇ 1984ರಲ್ಲಿ ರಾಜ್ಯ ಸರ್ಕಾರ ಮತ್ತು ಈ ಕಾರ್ಖಾನೆ ಸೇರಿ 'ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್' ಎಂಬ ಜಂಟಿ ಕಂಪನಿ ಮಾಡಿದವು. ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂಥ ಗಿಡ ಬೆಳೆಸಿ ಕಾರ್ಖಾನೆಗೆ ಕಟ್ಟಿಗೆ ಒದಗಿಸುವುದು ಯೋಜನೆ. ಕಾಗದದ ಮೇಲೆ ಅದು ಬೀಳು ಭೂಮಿ. ಊರವರಿಗೆ ಅದೇ ದನಗಳ ಮೇವು, ಒಲೆಯ ಉರುವಲು, ರಂಟೆ-ಕುಂಟೆಯ ಕಟ್ಟಿಗೆ. ನೀಲಗಿರಿ ಎಲೆಯನ್ನು ಆಡೂ ಮುಟ್ಟದು. ಅದು ಬಂದಲ್ಲಿ ದನಕ್ಕೆ ಜಾಗವಿಲ್ಲ ಎಂಬುದನ್ನು ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಮುದಾಯದವರು ಊರೂರಿಗೆ ಹೋಗಿ ಜನರಿಗೆ ವಿಷಯ ತಿಳಿಸಿದರು, ಸಭೆ ಮಾಡಿದರು, ದಾಖಲೆ ಕೂಡಿಸಿದರು, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಜ್ಞಾನಪೀಠ ಪುರಸ್ಕೃತ ಡಾ. ಶಿವರಾಮ ಕಾರಂತರು ಅರ್ಜಿದಾರರಾಗಿ ನಿಂತರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕೂಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ತಮಗೆ ಬೇಕಾದ ಮೇವಿನ, ಹಣ್ಣಿನ ಗಿಡ ಹಚ್ಚಿದರು. ಕೀಳುವುದಷ್ಟೇ ಆಗಿದ್ದರೆ ಅದು ಸಿಟ್ಟು ಆಗುತ್ತಿತ್ತು. ಹಚ್ಚಿದ್ದರಿಂದ ಅದು ಸತ್ಯಾಗ್ರಹವಾಯಿತು. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಗೆದ್ದದ್ದು ಹೇಗೆ? ಜನರ ಬಲ ಇತ್ತು, ನಿಜ. ಆದರೆ ಜನರ ಬಲ ಇದ್ದೂ ಸೋತ ಹೋರಾಟಗಳು ನಮ್ಮ ಕಡೆ ಬೇಕಾದಷ್ಟಿವೆ. ಇಲ್ಲಿ ಬಲದ ಸಂಗಡ ಕಾಗದವೂ ಇತ್ತು. ಕರಾರು ಪತ್ರದಲ್ಲಿ ಏನಿದೆ, ಸರ್ಕಾರದ ಆದೇಶ ಎಂದಿನದು, ಸರ್ವೆ ನಂಬರ್ ಯಾವುದು ಎಂದು ಓದಿ, ಬರೆದು, ಜೋಡಿಸಿ ಇಡುವ ಶಿಸ್ತು ಇತ್ತು. ಕಂಪನಿಯಲ್ಲಿ ದುಡಿದವರು ಹಳ್ಳಿಗೆ ತರಬಹುದಾದ ದೊಡ್ಡ ಗಂಟು ಇದೇ ಎಂದು ನನಗೆ ತೋರುತ್ತದೆ. ರೊಕ್ಕ ಖರ್ಚಾಗಿ ಹೋಗುತ್ತದೆ, ಲೆಕ್ಕ ಇಡುವ ರೂಢಿ ಉಳಿಯುತ್ತದೆ.

ಆ ರೂಢಿ ಎಷ್ಟು ದೂರ ನಡೆಯಿತು ನೋಡಿರಿ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಇದೇ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ತೀವ್ರ ಅಕ್ರಮ ಎಸಗಿದ ಗಣಿಗಳ ಗುತ್ತಿಗೆ ರದ್ದಾಯಿತು. ಮೇಡ್ಲೇರಿಗೆ ಬಂದು 30 ವರ್ಷ ಕಳೆದ ಮೇಲಿನ ಮಾತು ಇದು.

ಎಲ್ಲರೂ ಒಂದೇ ದಾರಿ ಹಿಡಿಯಬೇಕೆಂದಿಲ್ಲ. ನಮ್ಮ ಜಿಲ್ಲೆಯ ಶಿಗ್ಗಾಂವಿಯಲ್ಲಿ ಹುಟ್ಟಿದ ಶ್ರೀಮತಿ ಸುಧಾ ಮೂರ್ತಿಯವರು ಟೆಲ್ಕೋ ಕಂಪನಿಯ ಮೊದಲ ಮಹಿಳಾ ಇಂಜಿನಿಯರ್ ಆಗಿದ್ದವರು. ಮುಂದೆ, 1996ರಲ್ಲಿ ಆರಂಭವಾದ ಇನ್ಫೋಸಿಸ್ ಪ್ರತಿಷ್ಠಾನವನ್ನು 2021ರ ಕೊನೆಯವರೆಗೆ ನಡೆಸಿದರು. 2024ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅಲ್ಲಿ ಕಂಪನಿಯ ಗಳಿಕೆ ಜನರ ಕಡೆಗೆ ಹರಿಯಿತು, ಇಲ್ಲಿ ಮನುಷ್ಯನೇ ಕಂಪನಿ ಬಿಟ್ಟು ಜನರ ಕಡೆಗೆ ನಡೆದ. ಎರಡರಲ್ಲೂ ಕಾಣುವುದು ಒಂದೇ: ಒಬ್ಬರ ಒಳ್ಳೆಯತನ ಒಂದು ಸಂಸ್ಥೆಯ ರೂಪ ಪಡೆದಾಗಲೇ ಅದಕ್ಕೆ ಆಯುಷ್ಯ.

ಈ ಪಾಠ ನಮ್ಮ ಸಹಕಾರಿಗಳಿಗೆ ಹೊಸದೇನೂ ಅಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಗೌಡರು ಸಾಲ ಬೇಕಾದವರಿಗೆ ತಮ್ಮ ಕಿಸೆಯಿಂದ ರೊಕ್ಕ ಕೊಟ್ಟು ದೊಡ್ಡವರು ಅನಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ಗೌಡರೊಂದಿಗೇ ಅದು ಮುಗಿಯುತ್ತಿತ್ತು. ಸಂಘ ಕಟ್ಟಿದ್ದರಿಂದ ಆ ಹೆಸರು ಇಂದಿಗೂ ಉಳಿದಿದೆ.

ಬ್ಯಾಡಗಿ ಪೇಟೆಯನ್ನೇ ನೋಡಿರಿ. ಮೆಣಸಿನಕಾಯಿ ಚೀಲ ಒಯ್ದ ನಮ್ಮ ರೈತರಿಗೆ ತೂಕದ ಚೀಟಿಯ ಬೆಲೆ ಗೊತ್ತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ತಲೆತಲಾಂತರದಿಂದ ಇದ್ದದ್ದೇ. ಆದರೆ ಆ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕದ್ದು 2011ರಲ್ಲಿ, ಯಾರೋ ಕೂತು ಅರ್ಜಿ ಬರೆದು, ದಾಖಲೆ ಲಗತ್ತಿಸಿದ ಮೇಲೆ. ಬೆಳೆದವರ ಬೆವರಷ್ಟೇ ಅಗತ್ಯ ಬರೆದವರ ಶ್ರಮ.

ಆದಕಾರಣ ನನ್ನ ವಿನಂತಿ ಎರಡೇ. ಒಂದು ನಮ್ಮ ಹುಡುಗರಿಗೆ: ಬೆಂಗಳೂರು, ಪುಣೆ, ಅಮೆರಿಕ ಎಲ್ಲಿಗಾದರೂ ಹೋಗಿರಿ, ಚಲೋ ಗಳಿಸಿರಿ. ಬರುವ ಮನಸ್ಸಾದರೆ ಸೋತು ಬಂದೆವು ಅಂತ ತಲೆ ತಗ್ಗಿಸಬೇಡಿರಿ. ಮತ್ತೆ, ಊರನ್ನು ಒಂದು ವರ್ಷದಾಗ ತಿದ್ದತೀವಿ ಅನ್ನೋ ಅವಸರವೂ ಬೇಡ. ಮೊದಲು ಜಮಖಾನೆ ಮೇಲೆ ಎಲ್ಲರ ಸಂಗಡ ಕೂಡ್ರಿರಿ.

ಇನ್ನೊಂದು ನಮ್ಮಂಥ ಹಿರಿಯರಿಗೆ. ಬಂದವರಿಗೆ ಕುರ್ಚಿ ಕೊಡದಿದ್ದರೂ ಚಿಂತೆಯಿಲ್ಲ, ಕಾಗದ ತೋರಿಸೋಣ. ಪ್ರಶ್ನೆ ಕೇಳಿದವರನ್ನು ಕಂಡು ನಗುವ ಸಂಘಕ್ಕೆ 25 ವರ್ಷ ತುಂಬಬಹುದು, 50 ತುಂಬುವುದು ಕಷ್ಟ. ಈ ಬೆಳ್ಳಿಹಬ್ಬದ ವರ್ಷದ ಮಹಾಸಭೆಯಲ್ಲಿ ಆಡಿಟ್ ವರದಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಬೇಕೆಂದು ಮಾನ್ಯ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ಆ ಹುಡುಗನಿಗೂ ಒಂದು ಆಮಂತ್ರಣ ಪತ್ರಿಕೆ ಹೋಗಲಿ. ವಿಳಾಸ ನಾನು ಕೊಡುತ್ತೇನೆ.