ಉಪ್ಪು, ಬೆಲ್ಲ ಮತ್ತು ಹಬ್ಬದ ಪಂಕ್ತಿ

ಹುಕ್ಕೇರಿ ತಾಲೂಕಿನ ದಡ್ಡಿ, ಅದರಾಚೆಯ ಗೋಕಾಕ, ಮೂಡಲಗಿ. ಇದು ಘಟಪ್ರಭೆಯ ನೀರುಂಡ ಕಬ್ಬಿನ ಸೀಮೆ. ಜೋಳದ ರೊಟ್ಟಿ, ಬೆಲ್ಲದ ಹೋಳಿಗೆಗಳ ಈ ನೆಲದಲ್ಲಿ ಕುಳಿತು, ಹಂದಿಯ ತೊಡೆಗೆ ಸಿಹಿ ಲೇಪಿಸಿ ಬೇಯಿಸುವ ಕ್ರಿಸ್ಮಸ್ ಭಕ್ಷ್ಯದ ಚರಿತ್ರೆಯನ್ನು ಕೆದಕುವುದೇಕೆಂದು ಪ್ರಿಯ ಓದುಗರು ಕೇಳಬಹುದು. ಆ ಲೇಪದ ಹೊಳಪಿನಲ್ಲಿ ನಮ್ಮ ಕಬ್ಬಿನ ಕಥೆಯಿದೆ; ನಮ್ಮ ಧರ್ಮಸಭೆಯ ಹಳೆಯದೊಂದು ಗಾಯವೂ ಇದೆ.

ಹ್ಯಾಮ್ ಎಂಬುದು ಮೊದಲಿಗೆ ಬಡ ರೈತನ ಮುನ್ನೆಚ್ಚರಿಕೆ. ಯೂರೋಪಿನಲ್ಲಿ ಚಳಿಗಾಲಕ್ಕೆ ಮೇವು ಸಾಲದಾದಾಗ ಹಂದಿಯನ್ನು ಕೊಯ್ದು, ಹಿಂದೊಡೆಯನ್ನು ಉಪ್ಪಿನಲ್ಲಿ ಹೂತು, ಒಣಗಿಸಿ ಅಥವಾ ಹೊಗೆಯಾಡಿಸಿ ತಿಂಗಳುಗಟ್ಟಲೆ ಕಾಪಾಡುತ್ತಿದ್ದರು. ಹಬ್ಬಕ್ಕೆ ಬಂಧುಗಳು ಕೂಡಿದಾಗ ಅದನ್ನು ನೆನೆಸಿ ಉಪ್ಪು ತೆಗೆದು, ಬೇಯಿಸಿ, ಚರ್ಮ ಸುಲಿದು, ಕೊಬ್ಬಿನ ಮೇಲೆ ಗೀರು ಹಾಕಿ, ಲವಂಗ ಚುಚ್ಚಿ, ಜೇನನ್ನೋ ಸಕ್ಕರೆಯನ್ನೋ ಸವರಿ ಒಲೆಗಿಡುವರು. ಸಕ್ಕರೆಯ ಹೆಸರು ನಮ್ಮ ‘ಶರ್ಕರಾ’ದಿಂದ ಹುಟ್ಟಿದ್ದು, ಕಬ್ಬಿನ ರಸವನ್ನು ಹರಳಾಗಿಸುವ ವಿದ್ಯೆ ಭಾರತದಿಂದ ಪರ್ಷಿಯಾ, ಅರಬರ ಮೂಲಕ ಪಶ್ಚಿಮಕ್ಕೆ ಹೋಯಿತು. ಆದರೆ ಅದು ಯೂರೋಪಿನ ಸಾಮಾನ್ಯರ ಮನೆಗೂ ಅಗ್ಗವಾಗಿ ತಲುಪಿದ್ದು ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರು ಬೆವರು ಸುರಿಸಿದ ಮೇಲೆ. ಆ ಸಿಹಿಯಲ್ಲಿ ಕಣ್ಣೀರಿನ ಉಪ್ಪು ಬೆರೆತಿದೆ.

1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುವ ಪದ್ಧತಿಯನ್ನು ತಂದರು. ಇಲ್ಲಿ ದ್ರಾಕ್ಷಾರಸದ ಜಾಗಕ್ಕೆ ತೆಂಗಿನ ಕಳ್ಳಿನ ಹುಳಿ ಬಂತು, ಅಮೆರಿಕದಿಂದ ಬಂದ ಮೆಣಸಿನಕಾಯಿ ಸೇರಿತು, ಅದೇ ವಿಂದಾಲು. ಮಂಗಳೂರಿನ ಕ್ರೈಸ್ತರ ಹಬ್ಬದೂಟದಲ್ಲಿ ಸಣ್ಣದ ಜೊತೆ ಬಡಿಸುವ ಹಂದಿಮಾಂಸದ ಬಫಾತ್ ಮತ್ತೊಂದು ಬಗೆ. ಕೊಡವರು ಕಾಚಂಪುಳಿ ಹಿಂಡುತ್ತಾರೆ. ಹೀಗೆ ನೆಲ ಬದಲಾದಂತೆ ಹುಳಿ ಬದಲಾಯಿತು.

ಇನ್ನು ಆ ಗಾಯದ ಮಾತು. 1478ರಲ್ಲಿ ಸ್ಪೇನಿನಲ್ಲಿ ಸ್ಥಾಪಿತವಾದ ಧಾರ್ಮಿಕ ನ್ಯಾಯವಿಚಾರಣಾ ಮಂಡಳಿಯು, ಯೆಹೂದ್ಯ ಮೂಲದ ಹೊಸ ಕ್ರೈಸ್ತರು ಹಂದಿಮಾಂಸ ತಿನ್ನದಿರುವುದನ್ನೇ ಅವರ ಅವಿಶ್ವಾಸಕ್ಕೆ ಸಾಕ್ಷಿಯಾಗಿ ಎಣಿಸುತ್ತಿತ್ತು. ಹಬ್ಬದ ತಟ್ಟೆ ಆಪಾದನೆಯ ಪತ್ರವಾಯಿತು! ಪೋರ್ಚುಗಲ್ಲಿನಲ್ಲಿ 1536ರಲ್ಲಿ ನೆಲೆಗೊಂಡ ಇಂಥದೇ ಮಂಡಳಿ 1560ರಲ್ಲಿ ಗೋವೆಗೂ ಬಂತು. ಅಲ್ಲಿ ಅದು ಕೊನೆಗೊಂಡದ್ದು 1812ರಲ್ಲಿ. ಸತ್ಯದ ಹೆಸರಿನಲ್ಲಿ ನಡೆದ ಬಲಾತ್ಕಾರಕ್ಕಾಗಿ ಜಗದ್ಗುರು ಎರಡನೆಯ ಜಾನ್ ಪಾಲರು 2000ದ ಮಾರ್ಚ್ 12ರಂದು ದೇವರ ಕ್ಷಮೆ ಬೇಡಿದರು.

ಯೊಪ್ಪದಲ್ಲಿ ಸಂತ ಪೇತ್ರನಿಗೆ ಸಕಲ ಪ್ರಾಣಿಗಳಿದ್ದ ಜಮಖಾನೆಯ ದರ್ಶನವಾಯಿತು. ಅವನು ಕಲಿತದ್ದು ಊಟದ ಪಟ್ಟಿಯನ್ನಲ್ಲ. ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂಬುದನ್ನು. ಸಂತ ಪೌಲನೂ ಊಟದ ನಿಮಿತ್ತ ಸಹೋದರನನ್ನು ನೋಯಿಸಬೇಡಿರೆಂದು ರೋಮಾಪುರದವರಿಗೆ ಬರೆದ. ತಿನ್ನಲು ಬಿಡುಗಡೆಯಿರುವವನಿಗೆ ತಿನ್ನದವನನ್ನು ಗೌರವಿಸುವ ಹೊಣೆಯೂ ಇದೆ.

ಓದುಗರೇ, ‘ದಡ್ಡಿ’ ಎಂದರೆ ದನಕುರಿಗಳನ್ನು ಕೂಡಿಹಾಕುವ ಆವರಣ. ಅದು ಒಳಗಿನವರನ್ನು ಕಾಯುತ್ತದೆ, ಹೊರಗಿನವರನ್ನು ತಡೆಯುತ್ತದೆ. ನಮ್ಮ ಹಬ್ಬದ ಮೇಜು ಅಂಥ ಆವರಣವಾಗದಿರಲಿ. ಈ ಸಲ ಬಂಧುಗಳಿಗಾಗಿ ತೊಡೆಗೆ ಬೆಲ್ಲ ಸವರುವವರು, ಜೈನ, ಲಿಂಗಾಯತ, ಮುಸ್ಲಿಂ ನೆರೆಯವರಿಗಾಗಿ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ, ಅದೇ ಬೆಲ್ಲದಿಂದ ಹೋಳಿಗೆಯನ್ನೂ ಮಾಡಲಿ. ಪಂಕ್ತಿ ಪೂರ್ಣವಾಗುವುದು ಆಗಲೇ.