ಉಪ್ಪಿನ ಋಣ, ಸಂವಿಧಾನದ ಋಣ

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ನಮ್ಮ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಹೋದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯೊಡನೆ ಅಲ್ಲಿಗೇ ಸೇರಿತು. ಆ ನೋವು ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ಅದಕ್ಕೂ ಎಂಟು ವರ್ಷ ಹಿಂದಿನ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ.

ಆಗ ಈ ಊರುಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಅಲ್ಲಿನ ಸೈನಿಕನ ನಿಷ್ಠೆ ಒಬ್ಬ ದೊರೆಗೆ. ಸೇನಾಪತಿ ಎಲ್ ಎದ್ರೂಸ್ ಕಸುಬುದಾರ ಯೋಧರು. ಅವರ ಸೈನ್ಯದ ಜೊತೆಗೇ, ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿಯ ರಜಾಕಾರರೂ ಬಂದೂಕು ಹಿಡಿದು ಹಳ್ಳಿಗಳನ್ನು ಸುಲಿಯುತ್ತಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದಿಂದ ನಳದುರ್ಗದ ಕಡೆಗೆ ನುಗ್ಗಿತು. ಉಮರ್ಗಾ ಇರುವುದು ಅದೇ ಹೈದರಾಬಾದ್ ರಸ್ತೆಯ ಮೇಲೆ. 17ರಂದು ನಿಜಾಮರು ಕದನವಿರಾಮ ಸಾರಿದರು. ಮರುದಿನ ಎದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾದರು. ಕಾದಾಡು ಎಂದ ದೊರೆಯೇ ನಿಲ್ಲಿಸು ಎಂದರು. ಸೈನಿಕ ಎರಡನ್ನೂ ಪಾಲಿಸಿದ. ಇದನ್ನು ಹೇಡಿತನವೆಂದು ನಾನು ಕರೆಯಲಾರೆ.

ಹಳ್ಳಿಗಳ ಸಂಕಟ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿತು. ಸತ್ತವರು 27ರಿಂದ 40 ಸಾವಿರ ಎಂದು ಅದರ ಅಂದಾಜು, ಬಹುಪಾಲು ಮುಸಲ್ಮಾನರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್. ಲೂಟಿಯಲ್ಲಿ ಕೆಲವೆಡೆ ಭಾರತೀಯ ಸೈನಿಕರೂ ಸ್ಥಳೀಯ ಪೊಲೀಸರೂ ಸೇರಿದ್ದರೆಂದು ಸಮಿತಿ ಬರೆಯಿತು. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಕಾಪಾಡಿ ಅದಕ್ಕೆ ಭಾರೀ ಬೆಲೆ ತೆತ್ತದ್ದನ್ನೂ ಬರೆಯಿತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

1949ರ ನವೆಂಬರ್ 23ರಂದು ನಿಜಾಮರೇ ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ಒಪ್ಪಿಕೊಂಡರು. ಈಗ ನಮ್ಮ ಮನೆಯ ಹುಡುಗ ಸೈನ್ಯಕ್ಕೆ ಸೇರಿದರೆ ಮೊದಲು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಾನೆ. ರಾಷ್ಟ್ರಪತಿ ಮತ್ತು ಮೇಲಧಿಕಾರಿಗಳ ಆಜ್ಞೆ ಪಾಲಿಸುವ ಮಾತು ಆಮೇಲೆ ಬರುತ್ತದೆ. 1950ರ ಸೇನಾ ಕಾಯ್ದೆಯ 41ನೇ ಕಲಮು ಶಿಕ್ಷಿಸುವುದು ‘ಕಾನೂನುಬದ್ಧ’ ಆಜ್ಞೆಯನ್ನು ಮೀರಿದವನನ್ನು. ಕಾಗದಪತ್ರದಲ್ಲಿ ಒಂದೇ ಪದದ ತೂಕ ಎಷ್ಟೆಂಬುದು ಬ್ಯಾಂಕಿನ ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು.

ಆದರೆ ಆಜ್ಞೆ ಕಾನೂನುಬದ್ಧವೇ ಎಂದು ಸೈನಿಕ ಯೋಚಿಸಬೇಕಾದುದು ಆ ಕ್ಷಣದಲ್ಲೇ. ನ್ಯಾಯಾಲಯ ತೀರ್ಪು ಕೊಡುವುದು ಅನಂತರ. ಸಂವಿಧಾನವಿಲ್ಲದ ಕಾಲದಲ್ಲಿ, 1930ರ ಏಪ್ರಿಲ್ 23ರಂದು, ಪೇಶಾವರದ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಗಢವಾಲಿ ಪಡೆಯ ಚಂದ್ರಸಿಂಗ್ ಮತ್ತು ಸಂಗಡಿಗರು ಒಪ್ಪಲಿಲ್ಲ. ಸೇನಾ ನ್ಯಾಯಾಲಯ ಚಂದ್ರಸಿಂಗರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.