ರಕ್ಷಿತ ನಾಯಿಗಳ ಚಲನ ಪುನಶ್ಚೇತನ

ಅಪಘಾತ, ರೋಗ ಅಥವಾ ಮುಪ್ಪಿನಿಂದ ಕಾಲಿನ ಶಕ್ತಿ ಕಳೆದುಕೊಂಡ ನಾಯಿಯನ್ನು ಮತ್ತೆ ನಡೆಯುವಂತೆ, ಅದಾಗದಿದ್ದರೆ ನೋವಿಲ್ಲದೆ ಬದುಕುವಂತೆ ಮಾಡುವ ಪಶುವೈದ್ಯಕೀಯ ವಿಭಾಗ. ಔಷಧ, ಶಸ್ತ್ರಚಿಕಿತ್ಸೆ, ವ್ಯಾಯಾಮ, ಜಲಚಿಕಿತ್ಸೆ, ಶುಶ್ರೂಷೆ, ಆಹಾರ, ಮಲಗುವ ಜಾಗ, ನಾಯಿಯ ಮನಸ್ಸಿನ ಸ್ಥಿತಿ ಎಲ್ಲವನ್ನೂ ಒಟ್ಟಿಗೆ ಗಮನಿಸುವುದರಿಂದ ಇದಕ್ಕೆ ಸಮಗ್ರ ಚಿಕಿತ್ಸೆ ಎಂಬ ಹೆಸರೂ ಉಂಟು. ಮನುಷ್ಯರ ಫಿಸಿಯೋಥೆರಪಿಯ ಅನುಭವದಿಂದ ಬೆಳೆದ ಈ ವಿಭಾಗದ ಮೊದಲ ಅಂತರರಾಷ್ಟ್ರೀಯ ವಿಚಾರಸಂಕಿರಣ 1999ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ನಡೆಯಿತು. 2010ರಲ್ಲಿ ಅಮೆರಿಕದ ಪಶುವೈದ್ಯ ಸಂಘ ಇದನ್ನು ಪ್ರತ್ಯೇಕ ತಜ್ಞವಿಭಾಗವಾಗಿ ಮಾನ್ಯ ಮಾಡಿತು. ಭಾರತದಲ್ಲಿ ಈ ಕೆಲಸದ ದೊಡ್ಡ ಪಾಲನ್ನು ಹೊತ್ತಿರುವುದು ಬೀದಿಯಿಂದ ಎತ್ತಿ ತಂದ ನಾಯಿಗಳಿಗೆ ಆಸರೆ ಕೊಡುವ ಸಂಸ್ಥೆಗಳು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ, ಉದಯಪುರದಲ್ಲಿ 2002ರಲ್ಲಿ ಶುರುವಾದ ಅನಿಮಲ್ ಏಡ್ ಅನ್‌ಲಿಮಿಟೆಡ್ ಅಂಥವು.

ಕಾರಣಗಳು: ಬೀದಿನಾಯಿಗಳ ಮಟ್ಟಿಗೆ ಮುಖ್ಯ ಕಾರಣ ವಾಹನ. ನಾಯಿಯ ಬೆನ್ನೆಲುಬಿನಲ್ಲಿ ಎದೆಯ ಭಾಗಕ್ಕೆ 13, ಸೊಂಟದ ಭಾಗಕ್ಕೆ 7 ಕಶೇರುಮಣಿಗಳಿವೆ. ಪಕ್ಕೆಲುಬುಗಳ ಬಿಗಿ ಮುಗಿದು ಸೊಂಟದ ಸಡಿಲ ಶುರುವಾಗುವ ಕಡೆಯಲ್ಲೇ ಪೆಟ್ಟು ಹೆಚ್ಚಾಗಿ ಕೂರುತ್ತದೆ. ಅಲ್ಲಿ ಬೆನ್ನುಹುರಿ ಜಜ್ಜಿಹೋದರೆ ಹಿಂಗಾಲು, ಬಾಲ, ಮೂತ್ರಕೋಶ ಮೂರೂ ಸ್ವಾಧೀನ ತಪ್ಪುತ್ತವೆ. ಲಸಿಕೆ ಕಾಣದ ಮರಿಗಳಲ್ಲಿ ಡಿಸ್ಟೆಂಪರ್ ವೈರಾಣು ನರಮಂಡಲಕ್ಕೆ ಇಳಿದು, ಜ್ವರ ಬಿಟ್ಟ ಮೇಲೂ ಸ್ನಾಯುಗಳ ಅದುರುವಿಕೆಯನ್ನೂ ಕಾಲಿನ ನಿಶ್ಶಕ್ತಿಯನ್ನೂ ಉಳಿಸಿಹೋಗುತ್ತದೆ. ಸಾಕಿ ಬೀದಿಗೆ ಬಿಟ್ಟ ತಳಿನಾಯಿಗಳ ಕತೆ ಬೇರೆ: ಡ್ಯಾಷ್‌ಹಂಡ್‌ನಲ್ಲಿ ಡಿಸ್ಕ್ ಜಾರುವುದು, ಲ್ಯಾಬ್ರಡಾರ್‌ನಲ್ಲಿ ಸೊಂಟದ ಕೀಲಿನ ವಿರೂಪ, ಜರ್ಮನ್ ಶೆಫರ್ಡ್‌ನಲ್ಲಿ ಬೆನ್ನುಹುರಿ ನಿಧಾನವಾಗಿ ಕ್ಷಯಿಸುವ ರೋಗ ಹೆಚ್ಚು.

ಎಲ್ಲಕ್ಕಿಂತ ಮೊದಲು ಪರಿಹರಿಸಿಕೊಳ್ಳಬೇಕಾದ ಸಂಶಯ ರೇಬೀಸಿನದು. ಮೂಕ ರೂಪದ ರೇಬೀಸಿನಲ್ಲಿ ನಾಯಿ ಮೇಲೆ ಬೀಳದೆ ಸುಮ್ಮನೆ ಬಿದ್ದಿರಬಹುದು. ಕಾಲು ಸೋಲುತ್ತದೆ, ದವಡೆ ಜೋತು ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಮರುಕದಿಂದ ಬಾಯಿಗೆ ಕೈ ಹಾಕಿದವರು ಪ್ರಾಣಕ್ಕೇ ಸಂಚಕಾರ ತಂದುಕೊಳ್ಳುತ್ತಾರೆ. ಲಸಿಕೆಯ ದಾಖಲೆಯಿಲ್ಲದೆ, ಪೆಟ್ಟಿನ ಗುರುತೂ ಇಲ್ಲದೆ ಕಾಲು ಬಿದ್ದ ನಾಯಿಯನ್ನು ಬೇರೆಯಾಗಿಟ್ಟು ಗಮನಿಸುವುದೇ ಸರಿ. ಇಂಥ ನಾಯಿಗಳನ್ನು ಮುಟ್ಟುವ ಪ್ರತಿಯೊಬ್ಬರೂ ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು.

ಪರೀಕ್ಷೆ: ಬೆನ್ನಿಗೆ ಪೆಟ್ಟಾದ ನಾಯಿಯನ್ನು ಹಲಗೆಯ ಮೇಲೆ ಮಲಗಿಸಿ ಅಲುಗದಂತೆ ತರಬೇಕು. ಎಕ್ಸರೇ ಮೂಳೆಯನ್ನು ತೋರಿಸುತ್ತದೆ. ಬೆನ್ನುಹುರಿಯ ಸ್ಥಿತಿ ತಿಳಿಯಲು ಎಂಆರ್‌ಐ ಬೇಕು, ಅದು ಎಲ್ಲರ ಕೈಗೆಟುಕುವುದಿಲ್ಲ. ಹಾಗಾಗಿ ವೈದ್ಯರು ಹೆಚ್ಚು ನೆಚ್ಚುವುದು ಆಳದ ನೋವಿನ ಪರೀಕ್ಷೆಯನ್ನು. ಹಿಂಗಾಲಿನ ಬೆರಳಿನ ಮೂಳೆಯನ್ನು ಚಿಮಟದಿಂದ ಒತ್ತುತ್ತಾರೆ. ಕಾಲು ಸರಕ್ಕನೆ ಹಿಂದೆ ಹೋಗುತ್ತದೆ, ಕರೆತಂದವರ ಮುಖ ಅರಳುತ್ತದೆ. ವೈದ್ಯರು ಮಾತ್ರ ನಾಯಿಯ ಮುಖ ನೋಡುತ್ತಿರುತ್ತಾರೆ. ಕಾಲು ಎಳೆದುಕೊಳ್ಳುವುದಕ್ಕೆ ಬೆನ್ನುಹುರಿಯ ಕೆಳಭಾಗವೊಂದೇ ಸಾಕು, ಮಿದುಳು ಬೇಕಿಲ್ಲ. ನಾಯಿ ತಿರುಗಿ ನೋಡಿದರೆ, ಕುಂಯ್‌ಗುಟ್ಟಿದರೆ, ಕಚ್ಚಲು ಬಂದರೆ ನೋವು ಮಿದುಳಿಗೆ ಮುಟ್ಟಿದೆ ಎಂದರ್ಥ. ಅದೇ ಒಳ್ಳೆಯ ಸೂಚನೆ. ಡಿಸ್ಕ್ ಜಾರಿ ನೋವಿನ ಅರಿವು ಹೋದ ನಾಯಿಗಳಲ್ಲಿ ಬೇಗ ಶಸ್ತ್ರಚಿಕಿತ್ಸೆಯಾದರೆ ಸುಮಾರು ಅರ್ಧದಷ್ಟು ಮತ್ತೆ ನಡೆಯುತ್ತವೆ. ಮೂಳೆ ಮುರಿದು ಸರಿದು ಅರಿವು ಹೋದವುಗಳಲ್ಲಿ ಆ ಆಸೆ ತೀರ ಕಡಿಮೆ.

ಶುಶ್ರೂಷೆ: ಯಂತ್ರಗಳಿಗಿಂತ ಹೆಚ್ಚಾಗಿ ನಾಯಿಯನ್ನು ಉಳಿಸುವುದು ಇದು. ಹಿಂಗಾಲು ಬಿದ್ದ ನಾಯಿ ತಾನಾಗಿ ಉಚ್ಚೆ ಹೊಯ್ಯಲಾರದು. ತೊಟ್ಟಿಕ್ಕುವುದನ್ನು ಕಂಡು ಹೊಯ್ಯುತ್ತಿದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದು ತುಂಬಿದ ಚೀಲ ಉಕ್ಕುವುದಷ್ಟೆ. ಹಿಂಗಾಲುಗಳ ಮುಂದೆ, ಹೊಟ್ಟೆಯ ಎರಡೂ ಬದಿಗೆ ಅಂಗೈ ಇಟ್ಟು, ಉಬ್ಬಿದ ಮೂತ್ರಕೋಶವನ್ನು ಗುರುತಿಸಿ, ಮೆಲ್ಲಗೆ ಒಂದೇ ಸಮನೆ ಒತ್ತಿ 6ರಿಂದ 8 ಗಂಟೆಗೊಮ್ಮೆ ಬರಿದು ಮಾಡಬೇಕು. ಇದನ್ನು ವೈದ್ಯರ ಎದುರಿಗೇ ಕಲಿಯಬೇಕು. ಮೂತ್ರ ನಿಂತರೆ ಸೋಂಕು, ಸೋಂಕು ಮೂತ್ರಪಿಂಡಕ್ಕೇರಿದರೆ ಸಾವು. ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟದ ಮೂಳೆಯ ಮೇಲಿನ ಚರ್ಮ ಕೆಂಪಾಗಿ, ಕೂದಲುದುರಿ, ಹುಣ್ಣಾಗುತ್ತದೆ; ದಪ್ಪ ಹಾಸಿಗೆ, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲು, ಒಣಗಿದ ಬಟ್ಟೆ ಬೇಕು. ನಮ್ಮ ಮನೆಗಳ ನುಣುಪಾದ ಗ್ರಾನೈಟ್, ಟೈಲ್ಸ್ ನೆಲ ಇಂಥ ನಾಯಿಗೆ ಶತ್ರು. ಅಗ್ಗದ ರಬ್ಬರ್ ಮ್ಯಾಟ್ ಹಾಸಿದ ದಿನವೇ ಕೆಲವು ನಾಯಿಗಳು ಎದ್ದು ನಿಲ್ಲಲು ಹೊಣಗುತ್ತವೆ.

ವ್ಯಾಯಾಮ ಮತ್ತು ನೀರು: ಮುರಿದ ಮೂಳೆ ಭದ್ರವಾಗುವವರೆಗೆ ವ್ಯಾಯಾಮ ಸಲ್ಲದು. ಆಮೇಲೆ ಬೆರಳಿನಿಂದ ಮೇಲಕ್ಕೆ ಒಂದೊಂದೇ ಕೀಲನ್ನು ನೋಯದಷ್ಟು ಮಡಿಸಿ ಬಿಡಿಸುವುದು, ಪ್ರತಿ ಕೀಲಿಗೆ 10ರಿಂದ 15 ಸಲ, ದಿನಕ್ಕೆ ಎರಡು ಮೂರು ಬಾರಿ. ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ನಿಲ್ಲಿಸುವುದು, ನಿಂತಾಗ ಮೆಲ್ಲಗೆ ಅತ್ತಿತ್ತ ಒತ್ತಿ ಭಾರ ಬದಲಿಸುವುದು ಮುಂದಿನ ಹಂತ. ನೀರೊಳಗಿನ ಟ್ರೆಡ್‌ಮಿಲ್‌ನ ಗುಟ್ಟು ತೇಲುಬಲ. ನೀರು ಹಿಂಗಾಲಿನ ಹರಡಿನ ಮಟ್ಟಕ್ಕಿದ್ದರೆ ನಾಯಿ ತನ್ನ ತೂಕದ ಶೇ. 91ರಷ್ಟನ್ನು ಹೊರುತ್ತದೆ, ಮೊಣಕಾಲಿನ ಮಟ್ಟಕ್ಕೆ ಶೇ. 85, ತೊಡೆಯ ಮೇಲ್ಗಂಟಿನವರೆಗೆ ಏರಿಸಿದರೆ ಶೇ. 38 ಮಾತ್ರ. ನೆಲದ ಮೇಲೆ ಕುಸಿಯುವ ಕಾಲು ನೀರಲ್ಲಿ ಹೆಜ್ಜೆ ಹಾಕುವುದು ಹೀಗೆ. ತೊಡೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಟ್ಟರೆ ಸ್ನಾಯು ಮರಳುತ್ತಿದೆಯೇ ಎಂಬುದು ತಿಳಿಯುತ್ತದೆ.

2006ರಲ್ಲಿ ಪ್ರಕಟವಾದ, ಬೆನ್ನುಹುರಿ ಕ್ಷಯಿಸುವ ರೋಗದ ಶಂಕೆಯಿದ್ದ 22 ನಾಯಿಗಳ ಅಧ್ಯಯನದಲ್ಲಿ, ಪ್ರತಿದಿನ ಚೆನ್ನಾಗಿ ವ್ಯಾಯಾಮ ಸಿಕ್ಕವು ಸರಾಸರಿ 255 ದಿನ, ಸಾಧಾರಣವಾಗಿ ಸಿಕ್ಕವು 130 ದಿನ, ಸಿಗದವು 55 ದಿನ ಬದುಕಿದವು. ಸಣ್ಣ ಅಧ್ಯಯನವೇ ಆದರೂ ಔಷಧವಿಲ್ಲದ ರೋಗದಲ್ಲಿ ಈ ಅಂತರ ಗಮನಾರ್ಹ.

ಇತರ ಕ್ರಮಗಳು: ಅಕ್ಯುಪಂಕ್ಚರ್, ಲೇಸರ್, ವಿದ್ಯುತ್ ಪ್ರಚೋದನೆ ಬಳಕೆಯಲ್ಲಿವೆ. ನೋವು ತಗ್ಗಿಸಲು ಇವು ಕೆಲವು ನಾಯಿಗಳಿಗೆ ನೆರವಾಗುತ್ತವೆ, ಆದರೆ ಪುರಾವೆ ಇನ್ನೂ ತೆಳುವಾಗಿದೆ. ರೋಗನಿದಾನಕ್ಕೂ ಶಸ್ತ್ರಚಿಕಿತ್ಸೆಗೂ ಇವನ್ನು ಬದಲಿಯಾಗಿ ನೆಚ್ಚಿ ದಿನ ಕಳೆಯುವುದು ನಾಯಿಗೆ ಬಗೆವ ಅನ್ಯಾಯ. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನಂತೂ ಕೊಡಲೇಬಾರದು. ಜಠರದಲ್ಲಿ ರಕ್ತ ಸೋರಿ ಮೂತ್ರಪಿಂಡ ಕೈಕೊಡುತ್ತದೆ. ತೂಕ ಇಳಿಸುವುದು ಮಾತ್ರ ನಿಸ್ಸಂದೇಹವಾದ ಮದ್ದು. 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 25ರಷ್ಟು ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಸವೆತವೂ ತಡವಾಗಿ ಬಂತು.

ಬೀದಿಯಲ್ಲಿ ಬೆಳೆದ ನಾಯಿಗೆ ಮನುಷ್ಯರ ಕೈಯೇ ಹೆದರಿಕೆ. ಅದುಮಿ ಹಿಡಿದು ಮಾಡಿಸಿದ ವ್ಯಾಯಾಮದಲ್ಲಿ ಸ್ನಾಯು ಬಿಗಿಯುತ್ತದೆ, ನಾಯಿ ಮರುದಿನ ಮೂಲೆ ಸೇರುತ್ತದೆ. ಅದೇ ಒಬ್ಬರು, ಅದೇ ಹೊತ್ತಿಗೆ, ಊಟದ ತಟ್ಟೆಯೊಂದಿಗೆ ಬಂದು ಕೂತರೆ ಕೆಲಸ ಸಾಗುತ್ತದೆ. ಅನ್ನ, ಮೊಟ್ಟೆಯ ತುಣುಕಿಗೆ ಕತ್ತು ಚಾಚುವುದೇ ಅದರ ಮೊದಲ ವ್ಯಾಯಾಮ.

ಗಾಲಿಬಂಡಿ ಮತ್ತು ಮುಂದಿನ ಬದುಕು: ಹಿಂಗಾಲು ಮರಳದ ನಾಯಿಗೆ ಎರಡು ಗಾಲಿಯ ಬಂಡಿ ಕಟ್ಟುತ್ತಾರೆ. ಆರೋಗ್ಯವಂತ ನಾಯಿ ತನ್ನ ತೂಕದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳ ಮೇಲೇ ಹೊರುವುದರಿಂದ ಹಿಂಗಾಲು ಬಿದ್ದ ನಾಯಿ ಬಂಡಿಗೆ ಬೇಗ ಒಗ್ಗುತ್ತದೆ. ಅಳತೆ ತಪ್ಪಿದರೆ ತೊಡೆಸಂದಿಯಲ್ಲಿ ಗಾಯವಾಗುತ್ತದೆ. ಬಂಡಿಯಲ್ಲಿ ಮಲಗಲಾಗದು, ಆದ್ದರಿಂದ 10–15 ನಿಮಿಷದಿಂದ ಆರಂಭಿಸಬೇಕು, ಕಾವಲಿಲ್ಲದೆ ಬಿಡಬಾರದು. ಸಂತಾನಹರಣದ ಬಳಿಕ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆನ್ನುತ್ತವೆ 2023ರ ನಿಯಮಗಳು. ಆದರೆ ಕಾಲಿಲ್ಲದ ನಾಯಿ ಬೀದಿಯಲ್ಲಿ ಬದುಕಲಾರದು. ಅದಕ್ಕೆ ಆಶ್ರಯಧಾಮವೋ ದತ್ತು ಮನೆಯೋ ಬೇಕು. ನೋವು ತಗ್ಗದೆ, ಊಟ ಬಿಟ್ಟು, ಹುಣ್ಣು ಮೂಳೆ ಮುಟ್ಟಿದ ನಾಯಿಗೆ ವೈದ್ಯರ ಕೈಯಿಂದ ದಯಾಮರಣ ನೀಡಲು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅವಕಾಶವಿದೆ.